ಗುಡ್ಡದ ಹೂವು, ತಾಂಡಾದ ಹಕ್ಕು



ದೀಪಾವಳಿಯ ಅಮಾವಾಸ್ಯೆಯ ರಾತ್ರಿ ಲಂಬಾಣಿ ತಾಂಡಾಗಳ ಕನ್ಯೆಯರು ದೀಪ ಹಿಡಿದು ಮನೆಮನೆಗೆ ಹೋಗಿ ಹಿರಿಯರಿಗೆ ‘ಮೇರಾ’ ಹೇಳುತ್ತಾರೆ. ಮರುದಿನ ಹಾಡುತ್ತ ಗುಡ್ಡಕ್ಕೆ ತೆರಳಿ, ಬುಟ್ಟಿ ತುಂಬ ಕಾಡುಹೂವು ತರುತ್ತಾರೆ. ಅಂಗಳದಲ್ಲಿಟ್ಟ ಸಗಣಿಯ ಗುಂಪೆಗಳು ಆ ಹೂವಿನಿಂದ ಸಿಂಗಾರಗೊಳ್ಳುತ್ತವೆ. ಗುಡ್ಡ ಬೋಳಾದರೆ ಈ ಹಬ್ಬಕ್ಕೆ ಹೂವಿಲ್ಲ. ತಾಂಡಾಕ್ಕೂ ಕಾಡಿಗೂ ಇರುವ ನಂಟನ್ನು ತಿಳಿಯಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ತಮ್ಮನ್ನು ‘ಗೋರ್’ ಎಂದು ಕರೆದುಕೊಳ್ಳುವ ಈ ಜನರ ಮನೆಮಾತು ಗೋರಬೋಲಿ. ಅದಕ್ಕೆ ಸ್ವಂತ ಲಿಪಿಯಿಲ್ಲ, ಚರಿತ್ರೆಯೆಲ್ಲ ಹಾಡಿನಲ್ಲಿದೆ. ಎತ್ತುಗಳ ಬೆನ್ನ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ನಾಡಿನಿಂದ ನಾಡಿಗೆ ಸಾಗುತ್ತಿದ್ದ ವ್ಯಾಪಾರಕ್ಕೆ ‘ಲದೇಣಿ’ ಎಂದು ಹೆಸರು. ಮೊಗಲರ, ಮರಾಠರ, ಬ್ರಿಟಿಷರ ದಂಡುಗಳಿಗೂ ಅವರು ಧಾನ್ಯ ಒದಗಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಮತ್ತು ಬಂಡಿಯ ರಸ್ತೆಗಳು ಬಂದವು, ಲದೇಣಿ ನಿಂತಿತು. ೧೮೭೧ರಲ್ಲಿ ಬ್ರಿಟಿಷ್ ಸರ್ಕಾರ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಪರಂಪರೆಯಲ್ಲಿ ಹಲವೆಡೆ ಈ ಸಮುದಾಯವೂ ಕಳಂಕ ಹೊರಬೇಕಾಯಿತು. ಆ ಕಾಯ್ದೆ ರದ್ದಾದದ್ದು ಸ್ವಾತಂತ್ರ್ಯಾನಂತರ, ೧೯೫೨ರಲ್ಲಿ. ಊರೊಳಗೆ ಜಾಗ ಸಿಗದವರು ಊರ ಹೊರಗೆ, ಗುಡ್ಡದ ಬುಡದಲ್ಲಿ, ಬರಡು ನೆಲದಲ್ಲಿ ನೆಲೆನಿಂತರು.

ಅವರ ನಂಬಿಕೆಯೂ ದನ, ನೀರು, ಮೊಳಕೆಗಳ ಸುತ್ತಲೇ ಇದೆ. ೧೭೩೯ರಲ್ಲಿ ಜನಿಸಿದರೆಂದು ಸಮುದಾಯ ನಂಬುವ ಸಂತ ಸೇವಾಲಾಲರು ದನ ಕಾಯ್ದವರು. ದಾವಣಗೆರೆ ಜಿಲ್ಲೆಯ ಸೂರಗೊಂಡನಕೊಪ್ಪ ಅವರ ಜನ್ಮಸ್ಥಳವೆಂದು ಪೂಜಿತವಾಗಿದೆ. ಮರಿಯಮ್ಮ ಆರಾಧ್ಯ ದೇವಿ. ತೀಜ್ ಹಬ್ಬದಲ್ಲಿ ಕನ್ಯೆಯರು ಬುಟ್ಟಿಯ ಮಣ್ಣಿನಲ್ಲಿ ಗೋಧಿ ಬಿತ್ತಿ, ದಿನವೂ ಹಾಡಿ ನೀರೆರೆದು ಸಸಿ ಬೆಳೆಸುತ್ತಾರೆ. ನಾಯಕ, ಡಾವೋ, ಕಾರಭಾರಿ ಎಂಬ ಹಿರಿಯರು ತಾಂಡಾದ ನ್ಯಾಯ ನಡೆಸುತ್ತ ಬಂದವರು.

ಇಂತಹ ಜನರಿಗೆ ಬೇಕಾದುದೇನು? ಕುಡಿಯುವ ನೀರು, ದುಡಿಮೆ, ಮಕ್ಕಳ ಓದು. ಮಳೆ ಕೈಕೊಟ್ಟ ವರ್ಷ ಕುಟುಂಬಗಳು ಗೋವೆಗೋ ಕಬ್ಬಿನ ಗದ್ದೆಗಳಿಗೋ ಗುಳೆ ಹೋದರೆ ಮಕ್ಕಳ ಶಾಲೆ ಅಲ್ಲಿಗೇ ನಿಲ್ಲುತ್ತದೆ. ಆದರೆ ಇವೆಲ್ಲಕ್ಕೂ ಬುಡದಲ್ಲಿರುವ ಬೇಡಿಕೆ ಒಂದೇ: ನಿಂತ ನೆಲಕ್ಕೆ ಒಂದು ದಾಖಲೆ. ೨೦೨೩ರ ಜನವರಿಯಲ್ಲಿ ಮಳಖೇಡದಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ೫೦ ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ನೀಡಲಾಯಿತು. ಆ ಐದರಲ್ಲಿ ಗದಗ ಇರಲಿಲ್ಲ.

ಅರಣ್ಯಭೂಮಿಯಲ್ಲಿರುವವರ ಪಾಡು ಇನ್ನೂ ಕಠಿಣ. ೨೦೦೬ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರು ೨೦೦೫ರ ಡಿಸೆಂಬರ್ ೧೩ಕ್ಕೆ ಮೊದಲು ಅಲ್ಲಿ ನೆಲೆಸಿದ್ದರೆ ಸಾಕು. ಉಳಿದವರು ಅದಕ್ಕೂ ಹಿಂದಿನ ಮೂರು ತಲೆಮಾರಿನ, ಅಂದರೆ ೭೫ ವರ್ಷಗಳ ವಾಸವನ್ನು ತೋರಿಸಬೇಕು. ತೆಲಂಗಾಣದಲ್ಲಿ ಲಂಬಾಣಿಗಳು ಪರಿಶಿಷ್ಟ ಪಂಗಡ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಒಂದೇ ಭಾಷೆ, ಒಂದೇ ದೇವರು, ಒಂದೇ ಹಾಡು. ಗಡಿಯಾಚೆ ಒಂದು ನ್ಯಾಯ, ಈಚೆ ಇನ್ನೊಂದು. ಬರಹವಿಲ್ಲದ ಭಾಷೆಯ ಜನ ೧೯೩೦ರ ಕಾಗದವನ್ನು ಎಲ್ಲಿಂದ ತಂದಾರು?

ಆದರೂ ದಾರಿಯಿದೆ. ಅದೇ ಕಾಯ್ದೆಯ ನಿಯಮಗಳು ಅರ್ಜಿದಾರರಲ್ಲದ ಹಿರಿಯರು ಹೇಳಿ ಬರೆಯಿಸಿದ ಮಾತನ್ನೂ, ಹಳೆಯ ಬಾವಿ, ಸಮಾಧಿ, ಪೂಜಾಸ್ಥಳಗಳನ್ನೂ ಸಾಕ್ಷ್ಯವೆಂದು ಒಪ್ಪುತ್ತವೆ. ಅರ್ಜಿಯನ್ನು ಮೊದಲು ಸ್ವೀಕರಿಸುವುದು ಗ್ರಾಮಸಭೆ. ಹಕ್ಕು ದೊರೆತಲ್ಲಿ ಕಾಡನ್ನು ಕಾಯುವ ಹೊಣೆಯೂ ಕಾಯ್ದೆಯಲ್ಲೇ ಸೇರಿದೆ.

ಕೊಡಲಿ ಹಿಡಿದ ಬಡವರೇ ಕಾಡಿನ ವೈರಿಗಳೆಂದು ಹೇಳುವುದು ಸುಲಭ. ಇದೇ ಜಿಲ್ಲೆಯ ಕಪ್ಪತಗುಡ್ಡ ಗಣಿಯ ಭಯ ಎದುರಿಸಿದಾಗ ಜನ ಬೀದಿಗಿಳಿದರು. ೨೦೧೯ರಲ್ಲಿ ಅದು ವನ್ಯಜೀವಿಧಾಮವಾಯಿತು. ಗುಡ್ಡ ಉಳಿಯುವುದು ಅದರ ಬುಡದಲ್ಲಿ ಬಾಳುವವರು ಅದನ್ನು ತಮ್ಮದೆಂದು ತಿಳಿದಾಗ. ನಾಳೆ ಯಾರೋ ಎಬ್ಬಿಸಿ ಕಳಿಸುವರೆಂಬ ಅಂಜಿಕೆಯಲ್ಲಿರುವವನು ಇಂದು ಗಿಡ ನೆಡುವುದಿಲ್ಲ.

ಆದ್ದರಿಂದ ವಿದ್ಯಾರ್ಥಿಗಳು ನೋಟುಪುಸ್ತಕ ಹಿಡಿದು ತಾಂಡಾದ ಅಜ್ಜ-ಅಜ್ಜಿಯರ ಬಳಿ ಕೂಡಲಿ. ಯಾವ ಬಾವಿಯನ್ನು ಯಾರು ತೋಡಿದರು, ಯಾವ ಬರಗಾಲದಲ್ಲಿ ಯಾರು ಇಲ್ಲಿಗೆ ಬಂದರು ಎಂಬುದನ್ನು ಬರೆದುಕೊಳ್ಳಲಿ. ಗ್ರಾಮಸ್ಥರು ಆ ಬರಹವನ್ನು ಗ್ರಾಮಸಭೆಯ ಮುಂದಿಡಲಿ. ಅಜ್ಜಿ ಕಣ್ಮುಚ್ಚಿದರೆ ಅವಳೊಡನೆ ಒಂದು ದಾಖಲೆಯೂ ಹೋಗುತ್ತದೆ.