ಕೊಳ್ಳುವವರ ಕೈ, ದುಡಿಯುವವರ ಕೈ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಕಸುಬುದಾರರೂ ವ್ಯಾಪಾರಿಗಳೂ ಮಾಗಡಿ ಬಳಿಯ ಈ ಕಲ್ಯದಲ್ಲಿ ಸೇರಿದ್ದೀರಿ. ಹೊಸ ಆಲೋಚನೆಗಳ ಬಗ್ಗೆ ಮಾತಾಡಲು ಇಷ್ಟು ಹಳೆಯ ಊರು ಏಕೆ ಎಂದು ಕೆಲವರು ಕೇಳಿದರು. ಈ ಊರಿನಷ್ಟು ತಕ್ಕ ಜಾಗ ನನಗೆ ಬೇರೆ ಕಾಣದು.

1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಬೆಳೆದು ವಿಜಯನಗರದ ಅರಸ ಬುಕ್ಕರಾಯನವರೆಗೆ ಹೋಯಿತು. ದೂರು ಒಯ್ದ ಜೈನರ ಪಟ್ಟಣಗಳ ಸಾಲಿನಲ್ಲಿ ಕಲ್ಲೆಹದ ಹೆಸರಿದೆ, ಅದು ಇದೇ ಕಲ್ಯ. ರಾಜ ಇಬ್ಬರ ಕೈಗಳನ್ನೂ ಕೂಡಿಸಿದ. ಆ ಶಾಸನ ಶ್ರವಣಬೆಳಗೊಳದಲ್ಲಿದೆ, ಅದರ ಪ್ರತಿ ಇಲ್ಲಿಯೂ ಸಿಕ್ಕಿದೆ. ಅದನ್ನು ಮತಸಾಮರಸ್ಯದ ಸಾಕ್ಷಿಯೆಂದು ಓದುತ್ತೇವೆ, ಸರಿಯೇ. ಅದರ ಒಳಗಿನ ಏರ್ಪಾಟನ್ನೂ ನೀವು ಗಮನಿಸಬೇಕು. ಜೈನರು ಮನೆಗೆ ವರ್ಷಕ್ಕೊಂದು ‘ಹಣ’ (ಆ ಕಾಲದ ನಾಣ್ಯ) ಕೊಡಬೇಕು. ಅದನ್ನು ಎತ್ತುವವರು ತಿರುಮಲೆಯ ತಾತಯ್ಯ, ಅಂದರೆ ಎದುರು ಪಕ್ಷದ ಹಿರಿಯರು. ಆ ಹಣದಿಂದ ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ಇಡಬೇಕು, ಮಿಕ್ಕಿದ್ದರಲ್ಲಿ ಹಾಳುಬಿದ್ದ ಬಸದಿಗಳಿಗೆ ಸುಣ್ಣ ಬಳಿಸಬೇಕು. ಜಗಳವಾಡಿದವರ ಕೈಗೇ ರಕ್ಷಣೆಯ ಹೊಣೆ! ಯಾರು, ಎಷ್ಟು, ಯಾವುದಕ್ಕೆ ಎಂಬ ಮೂರಕ್ಕೂ ಉತ್ತರವಿದೆ. ಬುಕ್ಕರಾಯನಿಗೆ ಬಿನ್ನಹ ಮಾಡಿ, ತಾತಯ್ಯನವರನ್ನು ಕರೆತಂದು, ಜೀರ್ಣೋದ್ಧಾರ ಮಾಡಿಸಿದವನು ಕಲ್ಲೆಹದ ಬುಸುವಿಸೆಟ್ಟಿ. ಎರಡೂ ಮತದವರು ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು. ಸೆಟ್ಟಿಯೊಬ್ಬನಿಗೆ ಸಂದ ಆ ಗೌರವ ಈ ಸಭೆಗೂ ಸೇರಿದ್ದು.

ಹೀಗೆ ತೊಡಕನ್ನು ಕಂಡು ದಾರಿ ಹುಡುಕುವುದನ್ನು ಕಲಿಸಲು ಈಗ ಕಾಲೇಜುಗಳಲ್ಲಿ ಡಿಸೈನ್ ಥಿಂಕಿಂಗ್ ಎಂದು ಒಂದು ಪಾಠವಿದೆ. ಬಳಸುವವರನ್ನು ಹತ್ತಿರದಿಂದ ನೋಡು, ಅವರ ತೊಡಕು ಎಲ್ಲಿದೆ ತಿಳಿ, ಅಗ್ಗದಲ್ಲಿ ಒಂದು ಮಾದರಿ ಮಾಡಿ ಅವರ ಕೈಗೇ ಕೊಡು, ತಪ್ಪಿದ್ದನ್ನು ತಿದ್ದು. ತಿರುಳು ಇಷ್ಟೇ. ಇದು ನಮಗೆ ಹೊಸದಲ್ಲ. ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸರ್ಕಾರದ ಕೋರಿಕೆಯಂತೆ ದೇಶ ಸುತ್ತಿ 1958ರಲ್ಲಿ ಒಂದು ವರದಿ ಕೊಟ್ಟರು. ಅದರಲ್ಲಿ ಅವರು ಮನಸಾರೆ ಮೆಚ್ಚಿದ್ದು ನಮ್ಮ ನೀರಿನ ತಂಬಿಗೆಯನ್ನು. ತುಂಬಿದಾಗ ಎಷ್ಟು ಭಾರ, ಸೊಂಟದ ಮೇಲೆ ಹೇಗೆ ಕೂರುತ್ತದೆ, ಬಗ್ಗಿಸಿದರೆ ನೀರು ಹೇಗೆ ಬೀಳುತ್ತದೆ, ತೊಳೆಯಲು ಕೈ ಒಳಗೆ ಹೋಗುತ್ತದೆಯೇ ಎಂದೆಲ್ಲ ತಲೆಮಾರುಗಟ್ಟಲೆ ಜನ ಯೋಚಿಸಿದ್ದರಿಂದ ಆ ಆಕಾರ ಬಂತೆಂದು ಅವರು ಕಂಡುಕೊಂಡರು. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿದ್ದು ಆ ವರದಿಯ ಫಲ.

ಚನ್ನಪಟ್ಟಣದ ಬೊಂಬೆಗೆ ಬರೋಣ. ಹಾಲೆಮರದ ತುಂಡು ಲೇತಿನಲ್ಲಿ ಗಿರ್ರನೆ ತಿರುಗುತ್ತದೆ, ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಬಣ್ಣ ಕರಗಿ ಮರಕ್ಕೆ ಹತ್ತುತ್ತದೆ, ತಾಳೆಗರಿ ಹಿಡಿದರೆ ಹೊಳಪೇರುತ್ತದೆ. ಬಾವಾಸ್ ಮಿಯಾ ಎಂಬ ಕುಶಲಿ ಜಪಾನಿನ ಅರಗಿನ ಕೆಲಸ ಕಲಿತು ಬಂದು ಈ ಕಸುಬನ್ನು ತಿದ್ದಿದರೆಂದು ಊರಿನವರು ಇಂದಿಗೂ ನೆನೆಯುತ್ತಾರೆ. ಲೇತಿನಲ್ಲಿ ಕಡೆದದ್ದೆಲ್ಲ ದುಂಡು, ಮಗುವಿನ ಕೈಗೆ ಚುಚ್ಚುವ ಮೂಲೆಯೇ ಇಲ್ಲ. ಯಂತ್ರದ ಮಿತಿಯೇ ಇಲ್ಲಿ ವಸ್ತುವಿನ ಗುಣವಾಗಿದೆ. ಚೀನಾದ ಪ್ಲಾಸ್ಟಿಕ್ ಆಟಿಕೆ ಬಂದು ಮಾರುಕಟ್ಟೆ ಕುಗ್ಗಿದಾಗ ನಮ್ಮಲ್ಲಿ ಹಲವರು ಅದನ್ನೇ ಮರದಲ್ಲಿ ನಕಲು ಮಾಡಹೋದರು. ಸೋತರು. ಮಣಿ ಪೋಣಿಸುವ, ಒಂದರ ಮೇಲೊಂದು ಏರಿಸುವ, ಬಣ್ಣ ಗುರುತಿಸುವ ಆಟಗಳನ್ನು ಶಿಶುವಿಹಾರದ ಮಕ್ಕಳ ವಯಸ್ಸಿಗೆ ತಕ್ಕಂತೆ ಕಡೆದವರಿಗೆ ಗಿರಾಕಿ ಸಿಕ್ಕರು.

2021ರ ಜನವರಿ 1ರಿಂದ ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಗುಣಮಟ್ಟ ಕಡ್ಡಾಯವಾಗಿದೆ. ನೋಂದಾಯಿತ ಕುಶಲಕರ್ಮಿಗಳಿಗೂ ನಮ್ಮ ಬೊಂಬೆಯಂಥ ಭೌಗೋಳಿಕ ಗುರುತಿನ (ಜಿಐ) ವಸ್ತುಗಳಿಗೂ ವಿನಾಯಿತಿ ಉಂಟು. ಆ ವಿನಾಯಿತಿ ಕಾಗದದ ಮೇಲಿನದು, ಮಗುವಿನ ಗಂಟಲಿಗೆ ವಿನಾಯಿತಿ ಇಲ್ಲ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಯಾವ ಬಿಡಿಭಾಗವೂ 31.7 ಮಿಲಿಮೀಟರ್ ಅಗಲದ ಅಳತೆಯ ಕೊಳವೆಯೊಳಗೆ ಪೂರ್ತಿ ಇಳಿಯಕೂಡದು ಎಂಬುದು ಸುರಕ್ಷತೆಯ ನಿಯಮ. ಆ ಕೊಳವೆಯನ್ನು ನಿಮ್ಮ ಲೇತಿನಲ್ಲೇ ಮರದಿಂದ ಕಡೆದುಕೊಳ್ಳಬಹುದು. ಪ್ರತಿ ಕಾರ್ಖಾನೆಯ ಬಾಗಿಲಲ್ಲೂ ಒಂದು ತೂಗುಹಾಕಿ. ಖರ್ಚು ಇಲ್ಲವೆನ್ನುವಷ್ಟು ಕಡಿಮೆ.

ಬೊಂಬೆಯ ನಂತರ ರೇಷ್ಮೆ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹಿಂದೆ ಗೂಡಿನ ರಾಶಿಯ ಸುತ್ತ ನೂಲು ಬಿಚ್ಚಿಸುವ ರೀಲರುಗಳು ನೆರೆದು ಬೆಲೆ ಕೂಗುತ್ತಿದ್ದರು, ರೈತ ಆ ಗದ್ದಲದ ನಡುವೆ ನಿಂತು ರೇಟು ಕೇಳಿಸಿಕೊಳ್ಳಬೇಕಿತ್ತು. ಇ-ಹರಾಜು ಬಂದ ಮೇಲೆ ರೀಲರು ಮೊಬೈಲಿನಲ್ಲಿ ಬೆಲೆ ಹಾಕುತ್ತಾರೆ. ರೈತನ ಫೋನಿಗೆ ಅದು ಬರುತ್ತದೆ, ಒಪ್ಪದಿದ್ದರೆ ಬೇಡವೆನ್ನಬಹುದು. ಆ ಬೇಡವೆನ್ನುವ ಅವಕಾಶವೇ ಈ ಬದಲಾವಣೆಯ ಜೀವಾಳ.

ಆದರೆ ಅದೇ ಗೂಡು ನೂಲು ತೆಗೆಯುವ ಫಿಲೇಚರಿಗೆ ಹೋದ ಮೇಲೆ ಏನಾಗುತ್ತದೆ? ಈ ಮಾತನ್ನು ನಾನು ಒತ್ತಿ ಹೇಳಬೇಕು. ಬೇಯಿಸಿದ ಗೂಡಿನಿಂದ ಎಳೆ ಹುಡುಕುವ ಹೆಣ್ಣುಮಕ್ಕಳು ದಿನವಿಡೀ ಬಿಸಿನೀರಿಗೆ ಕೈ ಹಾಕುತ್ತಾರೆ. ಬೆರಳಿನ ಚರ್ಮ ಸುಲಿಯುತ್ತದೆ, ಹುಣ್ಣಾಗುತ್ತದೆ, ಮರುದಿನ ಅದೇ ಕೈ ಅದೇ ನೀರಿಗೆ. ನೂಲಿನ ಮಟ್ಟ ಸುಧಾರಿಸಲು ಎಷ್ಟು ಯಂತ್ರ ಬಂದವು, ಈ ಕೈಗಾಗಿ ಎಷ್ಟು ಯೋಚನೆ ನಡೆಯಿತು? ಗಿರಾಕಿಯನ್ನು ಮಾತ್ರ ನೋಡಿ ದುಡಿಯುವವರನ್ನು ನೋಡದ ವಿನ್ಯಾಸ ಅರೆಬರೆ ಎಂಬುದು ನನ್ನ ಖಚಿತ ಅಭಿಪ್ರಾಯ. ದುಡಿಯುವವರನ್ನು ನೋಡುವ ವಿನ್ಯಾಸಕ್ಕೆ ಮಾದರಿ ದೂರವಿಲ್ಲ: ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆ ಇದೆ. ಆ ಕಂಪನಿಯ ಮೂಲಪುರುಷ ಸಕಿಚಿ ಟೊಯೋಡಾ 1924ರಲ್ಲಿ ಮಾಡಿದ ಮಗ್ಗ ಎಳೆ ಕಡಿದರೆ ತಾನಾಗಿ ನಿಲ್ಲುತ್ತಿತ್ತು. ಅದೇ ವಿಚಾರ ಮುಂದೆ ಕಾರು ಜೋಡಿಸುವ ಸಾಲಿಗೂ ಬಂತು: ತಪ್ಪು ಕಂಡ ಕಾರ್ಮಿಕ ಹಗ್ಗ ಎಳೆದರೆ ಕೆಲಸ ನಿಲ್ಲುತ್ತದೆ, ಮೇಲಿನವರು ಓಡಿ ಬರುತ್ತಾರೆ. ನಮ್ಮ ಫಿಲೇಚರಿನಲ್ಲಿ ಕೈ ಸುಟ್ಟ ಅಕ್ಕ ಯಾರನ್ನು ಕರೆಯಬೇಕು?

ಇನ್ನು ಹೆದ್ದಾರಿ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೊಸ ರಸ್ತೆ ಉದ್ಘಾಟನೆಯಾಯಿತು, ವಾಹನಗಳು ಊರಾಚೆಯೇ ಹಾದುಹೋಗತೊಡಗಿದವು. ಹಳೆಯ ರಸ್ತೆಯ ಬೊಂಬೆ ಅಂಗಡಿ, ತಟ್ಟೆ ಇಡ್ಲಿ ಹೋಟೆಲುಗಳ ವ್ಯಾಪಾರ ಇಳಿಯಿತು. ಆ ಸಂಕಟ ನಿಜ. ಆದರೆ ದಾರಿಹೋಕರನ್ನೇ ನಂಬಿದ ಅಂಗಡಿಯಲ್ಲಿ ಕೊಂಡವರ ಹೆಸರೂ ಇರಲಿಲ್ಲ, ಫೋನ್ ನಂಬರೂ ಇರಲಿಲ್ಲ. ಅವರ ಮನೆಯ ಮಗುವಿಗೆ ಈಗ ಎಷ್ಟು ವಯಸ್ಸು, ಮುಂದಿನ ಆಟಿಕೆ ಯಾವುದು ಎಂದು ಕೇಳುವ ದಾರಿಯೇ ಇರಲಿಲ್ಲ. ಇಂದು ಬರುವ ಹತ್ತು ಮಂದಿಯನ್ನಾದರೂ ಕೇಳಿ ಬರೆದಿಡಿ.

ಸಭಿಕರಲ್ಲಿ ನನ್ನ ವಿನಂತಿ ಇದು. ಹೊಸ ಯಂತ್ರಕ್ಕೆ ಸಾಲದ ಅರ್ಜಿ ಹಾಕುವ ಮೊದಲು ಒಂದು ದಿನ ನಿಮ್ಮ ಅಂಗಡಿಯ ಮೂಲೆಯಲ್ಲಿ, ನಿಮ್ಮದೇ ಫಿಲೇಚರಿನ ಬೋಗುಣಿಯ ಪಕ್ಕದಲ್ಲಿ ಸುಮ್ಮನೆ ಕುಳಿತು ನೋಡಿ. ಕಂಡ ಒಂದು ತೊಡಕನ್ನು ಆರಿಸಿಕೊಳ್ಳಿ. ಅದನ್ನು ಯಾರು ಸರಿಪಡಿಸುತ್ತಾರೆ, ಹಣ ಎಲ್ಲಿಂದ, ಯಾವ ದಿನದೊಳಗೆ ಎಂಬುದನ್ನು ಬುಸುವಿಸೆಟ್ಟಿಯ ಕಾಲದವರಂತೆ ಬರಹದಲ್ಲಿ ಇಡಿ. ಮುಂದಿನ ಸಮಾವೇಶಕ್ಕೆ ಬರುವಾಗ ಆ ಬರಹವನ್ನು ತನ್ನಿ, ನಿಮ್ಮಲ್ಲಿ ದುಡಿಯುವ ಒಬ್ಬ ಹೆಣ್ಣುಮಗಳನ್ನೂ ಕರೆತಂದು ಈ ವೇದಿಕೆಯಿಂದ ಮಾತಾಡಿಸಿ.