ಹಿತ್ತಿಲಿನಿಂದ ಕುರ್ಚಿಗೆ



ಕತ್ತರಿ, ಬಾಚಣಿಗೆ ಹಿಡಿದು ಬದುಕಿದ ಮನೆತನದಿಂದ ಬಂದವನು ನಾನು. ಕ್ಷೌರವೃತ್ತಿಯ ಚರಿತ್ರೆಯನ್ನು ರಾಜರ ಹೆಸರಿನಲ್ಲೋ ಯಂತ್ರಗಳ ಹೆಸರಿನಲ್ಲೋ ಹೇಳಬಹುದು. ನನ್ನ ಲೆಕ್ಕದಲ್ಲಿ ಇರುವುದು ಎರಡೇ ಕಾಲ. ಕ್ಷೌರಿಕ ಗಿರಾಕಿಯ ಮನೆಗೆ ಹೋಗುತ್ತಿದ್ದ ಕಾಲ ಒಂದು. ಗಿರಾಕಿಯೇ ಕ್ಷೌರಿಕನ ಅಂಗಡಿಗೆ ಬಂದ ಕಾಲ ಇನ್ನೊಂದು.

ಮೊದಲನೆಯದು ಬಹಳ ಉದ್ದನೆಯ ಕಾಲ. ಹಳ್ಳಿಯ ಆಯಗಾರರಲ್ಲಿ ಬಡಗಿ, ಕಮ್ಮಾರ, ಕುಂಬಾರ, ಅಗಸರ ಜೊತೆ ಕ್ಷೌರಿಕನೂ ಒಬ್ಬ. ಸಲಕರಣೆಯ ಚೀಲವಾದ ಹಡಪವನ್ನು ಕಂಕುಳಲ್ಲಿಟ್ಟುಕೊಂಡು ಮನೆಮನೆಗೆ ಹೋಗಬೇಕು. ಕೆಲಸ ಹಿತ್ತಿಲಲ್ಲಿ, ಇಲ್ಲವೇ ಕೊಟ್ಟಿಗೆಯ ಮೂಲೆಯಲ್ಲಿ. ಕೂಲಿ ಸಿಗುವುದು ಸುಗ್ಗಿಯಲ್ಲಿ, ಕಣದಲ್ಲಿ ರಾಶಿ ಅಳೆಯುವಾಗ. ಮಗುವಿನ ಜಾವಳಕ್ಕೆ, ಮದುಮಗನ ಶಾಸ್ತ್ರಕ್ಕೆ, ಸಾವಿನ ಮನೆಗೆ ಅವನೇ ಬೇಕು. ಹುಣ್ಣು ಕೊಯ್ಯಲು, ಮುಳ್ಳು ತೆಗೆಯಲೂ ಅವನೇ. ಅನೇಕ ಕಡೆ ಮದುವೆಯ ಓಲಗ ಊದುವವರೂ ಅವರೇ, ಹೆರಿಗೆ ಮಾಡಿಸುವ ಸೂಲಗಿತ್ತಿಯೂ ಅದೇ ಮನೆಯವಳು. ಇಷ್ಟೆಲ್ಲ ಬೇಕಾದವನ ಮುಖ ಬೆಳಗ್ಗೆ ಎದುರಾದರೆ ಮಾತ್ರ ಅಪಶಕುನ!

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಈ ಅಪಶಕುನದ ಮಾತಿಗೆ ಉತ್ತರ ಸಿಕ್ಕಿತು. ನಮ್ಮ ವೃತ್ತಿಯ ಹಡಪದ ಅಪ್ಪಣ್ಣ ಬಸವಣ್ಣನವರ ಅತ್ಯಂತ ಹತ್ತಿರದವರಾಗಿದ್ದರು. ತಮ್ಮನ್ನು ಕಾಣಲು ಬರುವವರು ಮೊದಲು ಅಪ್ಪಣ್ಣನನ್ನು ಕಾಣಬೇಕೆಂದು ಬಸವಣ್ಣನವರು ಕಟ್ಟಳೆ ಮಾಡಿದ್ದರೆಂದು ಜನ ಇಂದಿಗೂ ಹೇಳುತ್ತಾರೆ. ಅಪ್ಪಣ್ಣ ವಚನ ಬರೆದರು, ಅವರ ಪತ್ನಿ ಲಿಂಗಮ್ಮನೂ ಬರೆದರು. ವಿಜಯನಗರದ ಕಾಲದ ಒಂದು ಸಂಗತಿಯೂ ನನಗೆ ಬಹಳ ಪ್ರಿಯ. ಸದಾಶಿವರಾಯನ ಆಳ್ವಿಕೆಯಲ್ಲಿ ಅಳಿಯ ರಾಮರಾಯನಿಗೆ ಕ್ಷೌರ ಮಾಡುತ್ತಿದ್ದವನು ಕೊಂಡೋಜ. ಅವನ ಕೈಗುಣಕ್ಕೆ ಮೆಚ್ಚಿದ ರಾಮರಾಯ ಕ್ಷೌರಿಕರ ಮೇಲಿನ ತೆರಿಗೆಯನ್ನೇ ಬಿಟ್ಟುಕೊಟ್ಟ. ಅದು ಶಾಸನಗಳಲ್ಲಿ ದಾಖಲಾಗಿದೆ. ಅವನಿಗೊಂದು ಮಾನ್ಯ ಸಿಕ್ಕಿದ್ದರೆ ಕೊಂಡೋಜನ ಮನೆಯಷ್ಟೇ ಬದುಕುತ್ತಿತ್ತು. ಇಲ್ಲಿ ಇಡೀ ವೃತ್ತಿಯೇ ಬದುಕಿತು.

ಈ ಮೊದಲನೆಯ ಕಾಲದ ಕ್ರೂರ ಕೆಲಸವೊಂದನ್ನೂ ಹೇಳಲೇಬೇಕು. ಗಂಡ ಸತ್ತ ಹೆಣ್ಣುಮಕ್ಕಳ ತಲೆ ಬೋಳಿಸಲು ಕರೆಸುತ್ತಿದ್ದದ್ದು ನಮ್ಮವರನ್ನೇ. 1890ರಲ್ಲಿ ಮುಂಬಯಿಯ ಕ್ಷೌರಿಕರು ಸಭೆ ಸೇರಿ, ಇನ್ನು ಮೇಲೆ ಈ ಕೆಲಸ ಮಾಡುವುದಿಲ್ಲ ಎಂದು ತೀರ್ಮಾನಿಸಿದರು. ಕಾರ್ಮಿಕ ನಾಯಕ ನಾರಾಯಣ ಮೇಘಾಜಿ ಲೋಖಂಡೆ ಅವರ ಬೆನ್ನಿಗೆ ನಿಂತರು. ಸುಧಾರಣೆಯ ಚರಿತ್ರೆ ಬರೆಯುವವರು ಈ ಸಭೆಗೆ ಇನ್ನಷ್ಟು ಜಾಗ ಕೊಡಬೇಕು.

ಇನ್ನು ಎರಡನೆಯ ಕಾಲ. ಇದನ್ನು ತಂದದ್ದು ಕ್ರಾಪು. ಜುಟ್ಟು ಬಿಡಲು ಒಂದು ಕತ್ತಿ, ಒಂದು ಬಟ್ಟಲು ನೀರು ಇದ್ದರೆ ಸಾಕು. ಸುತ್ತ ಹೆರೆದರೆ ಮುಗಿಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಇಂಗ್ಲಿಷ್ ಶಾಲೆ, ಸರ್ಕಾರಿ ಕಚೇರಿಗೆ ಹೋಗುವ ಹುಡುಗರು ಜುಟ್ಟು ತೆಗೆಸಿ ಕ್ರಾಪು ಬಿಟ್ಟರು. ಎಷ್ಟೋ ಮನೆಗಳಲ್ಲಿ ರಂಪವಾಯಿತು. ಕ್ರಾಪಿಗೆ ಕತ್ತರಿ ಬೇಕು, ಬಾಚಣಿಗೆ ಬೇಕು, ಕೈಯಲ್ಲಿ ಅಮುಕುವ ಮಷಿನ್ ಬೇಕು, ಹೇಗೆ ಬಂತೆಂದು ನೋಡಿಕೊಳ್ಳಲು ಕನ್ನಡಿಯೂ ಬೇಕು. ಇವನ್ನೆಲ್ಲ ಹಡಪದಲ್ಲಿ ಹೊತ್ತು ತಿರುಗಲಾದೀತೇ? ಪೇಟೆಯಲ್ಲಿ ಅಂಗಡಿ ಎದ್ದಿತು, ಕುರ್ಚಿ ಬಂತು. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡುತ್ತಿದ್ದವನು ಎದ್ದು ನಿಂತ. ಕಾಳಿನ ಬದಲು ಕೈಗೆ ಕಾಸು ಬಂತು.

ವಿದ್ಯೆಯೂ ಬೇರೆಯಾಯಿತು. ಅಮೆರಿಕದ ಷಿಕಾಗೋದಲ್ಲಿ ಎ. ಬಿ. ಮೋಲರ್ 1893ರಲ್ಲೇ ಕ್ಷೌರ ಕಲಿಸುವ ಶಾಲೆ ತೆರೆದಿದ್ದ. ನಮ್ಮಲ್ಲಿ ಅಂಗಡಿಯೇ ಶಾಲೆ. ಮೊದಲು ಕೂದಲು ಗುಡಿಸಬೇಕು, ಬಿಸಿನೀರು ತರಬೇಕು, ನೊರೆ ಹಚ್ಚಬೇಕು. ಆಮೇಲೆ ಮಷಿನ್. ಹಿಡಿಕೆಯನ್ನು ಪೂರ್ತಿ ಅಮುಕಿ, ಬಿಟ್ಟ ಮೇಲೆಯೇ ತಲೆಯಿಂದ ಎತ್ತಬೇಕು. ಅರ್ಧಕ್ಕೇ ಎತ್ತಿದರೆ ಕೂದಲು ಕಿತ್ತು ಬಂದು ಗಿರಾಕಿ ಕುರ್ಚಿಯಲ್ಲೇ ಹಾರಿಬೀಳುತ್ತಾನೆ. ಕತ್ತರಿ ಕೊನೆಗೆ. ಕತ್ತರಿಯ ಒಂದು ಅಲಗು ಅಲುಗಬಾರದು. ಇನ್ನೊಂದನ್ನು ಹೆಬ್ಬೆರಳು ಮಾತ್ರ ಆಡಿಸಬೇಕು. ಎಡಗೈಯ ಬಾಚಣಿಗೆ ಕತ್ತಿನಿಂದ ಮೇಲಕ್ಕೆ ಹತ್ತುತ್ತಾ ಹತ್ತುತ್ತಾ ತಲೆಯಿಂದ ಸ್ವಲ್ಪಸ್ವಲ್ಪವೇ ದೂರ ಸರಿಯಬೇಕು. ಆಗ ಕೆಳಗಿನ ಸಣ್ಣ ಕೂದಲು ಮೇಲಿನ ಉದ್ದ ಕೂದಲಿಗೆ ಮೆಟ್ಟಿಲು ಕಾಣದಂತೆ ಕೂಡಿಕೊಳ್ಳುತ್ತದೆ. ಸುಳಿ ಇರುವ ಕಡೆ ಗಿಡ್ಡ ಮಾಡಿದರೆ ಕೂದಲು ನಿಗುರಿ ನಿಲ್ಲುತ್ತದೆ, ಅಲ್ಲಿ ಒಂದಿಷ್ಟು ಉಳಿಸಬೇಕು. ಅಮೆರಿಕದ ಲಿಯೋ ವಾಲ್ 1921ರಲ್ಲಿ ಪೇಟೆಂಟ್ ಪಡೆದ ಕರೆಂಟ್ ಮಷಿನ್ ಇಂದು ಹಳ್ಳಿ ಅಂಗಡಿಯಲ್ಲೂ ಇದೆ. ಆದರೂ ಕತ್ತರಿ ಬಾರದವನ ಕೈಯಲ್ಲಿ ಎಲ್ಲರ ತಲೆಯೂ ಒಂದೇ ತರಹ ಕಾಣುತ್ತದೆ. ಕಲಿಯುವ ಹುಡುಗರು ಮೊದಲು ಕತ್ತರಿ ಪಳಗಿಸಿಕೊಳ್ಳಲಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಗಿರಾಕಿಯನ್ನು ಅರಿಯುವುದೂ ಇದೇ ವಿದ್ಯೆಯ ಭಾಗ. “ಎಷ್ಟು ಇರಲಿ ಸಾರ್?” ಎಂದು ಕೇಳಿದರೆ “ಸ್ವಲ್ಪ ಸಣ್ಣ ಮಾಡಪ್ಪ” ಎನ್ನುತ್ತಾರೆ. ಆ ಸ್ವಲ್ಪ ಒಬ್ಬೊಬ್ಬರಿಗೆ ಒಂದೊಂದು. ಮೊದಲು ಕಡಿಮೆ ಕತ್ತರಿಸಿ, ಹಿಂದೆ ಕನ್ನಡಿ ಹಿಡಿದು ತೋರಿಸಿ, ಒಪ್ಪಿದ ಮೇಲೆ ಮುಂದುವರಿಯಬೇಕು. ಕುರ್ಚಿಯ ಕೈಗಳ ಮೇಲೆ ಹಲಗೆ ಹಾಕಿ ಕೂರಿಸಿದ ಮಗುವಿಗೆ ಮಷಿನ್ ಸದ್ದನ್ನು ಮೊದಲು ದೂರದಿಂದ ಕೇಳಿಸಬೇಕು. 1957ರಲ್ಲಿ ವಿವಿಧ ಭಾರತಿ ಶುರುವಾದ ಮೇಲೆ ಅಂಗಡಿಗಳಲ್ಲಿ ರೇಡಿಯೋ ಹಾಡತೊಡಗಿತು, ಬೆಂಚಿನ ಮೇಲೆ ದಿನಪತ್ರಿಕೆ ಬಂತು. ಓದಲು ಬಾರದ ಎಷ್ಟೋ ಜನ ಸುದ್ದಿ ಕೇಳಿದ್ದು ಆ ಬೆಂಚಿನ ಮೇಲೆ.

ಗಡ್ಡದ ಕೆಲಸವನ್ನು ಜಿಲೆಟ್ ಕಂಪನಿಯ ಬ್ಲೇಡು ಮನೆಗೆ ಒಯ್ದಿತು. 1986ರಲ್ಲಿ ಎಚ್‌ಐವಿ ಸೋಂಕು ಭಾರತದಲ್ಲಿ ಪತ್ತೆಯಾದ ಮೇಲೆ, ಒಬ್ಬರ ರಕ್ತ ಇನ್ನೊಬ್ಬರಿಗೆ ತಾಗೀತೆಂಬ ಭಯದಿಂದ, ಚರ್ಮದ ಪಟ್ಟಿಗೆ ಮಸೆಯುವ ಹಳೆಯ ಕತ್ತಿ ಅಂಗಡಿಯಲ್ಲೂ ಹಿಂದೆ ಸರಿಯುತ್ತಾ ಬಂತು. ತಲೆಗೊಂದು ಹೊಸ ಬ್ಲೇಡು ಎಂಬ ಪದ್ಧತಿ ಬಂತು. ಗಿರಾಕಿಗಳು ಇದನ್ನು ಕೇಳಿ ಪಡೆಯಬೇಕು. 2020ರ ಲಾಕ್‌ಡೌನಿನಲ್ಲಿ ಕುರ್ಚಿಗಳು ಖಾಲಿಯಾದವು. ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿ ಕೊಡುವುದಾಗಿ ರಾಜ್ಯ ಸರ್ಕಾರ ಪ್ರಕಟಿಸಿತು. ನಮ್ಮ ಸಂಖ್ಯೆ ಇಷ್ಟೊಂದು ದೊಡ್ಡದೆಂದು ಬಹಳ ಜನರಿಗೆ ತಿಳಿದದ್ದೇ ಆಗ.

ಅಂಗಡಿಯ ಕುರ್ಚಿ ಕ್ಷೌರಿಕನಿಗೆ ಮರ್ಯಾದೆ ತಂದಿತು ನಿಜ. ಎಲ್ಲರಿಗೂ ಆ ಕುರ್ಚಿ ಸಿಕ್ಕಿತೇ? ಜಾತಿಯ ಕಾರಣಕ್ಕೆ ಸೇವೆ ನಿರಾಕರಿಸುವುದು ಅಸ್ಪೃಶ್ಯತೆಯ ವಿರುದ್ಧದ 1955ರ ಕಾಯ್ದೆಯ ಪ್ರಕಾರವೇ ಅಪರಾಧ. ಆದರೂ ಅದೇ 2020ರಲ್ಲಿ, ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ದಲಿತರಿಗೆ ಕ್ಷೌರ ಮಾಡಿದ್ದಕ್ಕೆ ಕ್ಷೌರಿಕನ ಕುಟುಂಬಕ್ಕೆ ಬಹಿಷ್ಕಾರ ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಒಂದೇ ಕುರ್ಚಿಯ ಅಂಗಡಿಯವನು ಇಡೀ ಊರನ್ನು ಎದುರು ಹಾಕಿಕೊಂಡು ಬದುಕಲಾರ. ಹಾಗೆಂದು ಯಾರನ್ನೂ ಬಾಗಿಲಿನಿಂದ ಹಿಂದಕ್ಕೆ ಕಳಿಸುವ ಹಕ್ಕು ಅವನಿಗಿಲ್ಲ. ನಿಮ್ಮೂರಿನ ಅಂಗಡಿಯಲ್ಲಿ ಯಾರಿಗಾದರೂ ಕುರ್ಚಿ ಇಲ್ಲವೆಂದರೆ ದಯವಿಟ್ಟು ಸುಮ್ಮನೆ ಕೂರಬೇಡಿ. ಅವರ ಜೊತೆಯಲ್ಲೇ ಅಂಗಡಿಗೆ ಹೋಗಿ, ನಿಮ್ಮ ಸರದಿ ಅವರ ನಂತರ ಇರಲಿ. ಎಲ್ಲರಿಗೂ ಕ್ಷೌರ ಮಾಡುವ ಕ್ಷೌರಿಕನ ಬೆನ್ನಿಗೆ ನೀವು ನಿಲ್ಲಿ.