ಕಾನಟ್ ಉಳಿದದ್ದರಿಂದ



ರಗ್ಬಿಯಲ್ಲಿ ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ. ಪಕ್ಕದಲ್ಲೋ ಹಿಂದೆಯೋ ಇರುವ ಜೊತೆಗಾರನಿಗೇ ಕೊಡಬೇಕು, ಆದರೂ ಹದಿನೈದು ಮಂದಿಯ ತಂಡ ಮುಂದಕ್ಕೇ ಸಾಗಬೇಕು. ನನ್ನ ಮಟ್ಟಿಗೆ ಆಟದ ಸೊಗಸೆಲ್ಲ ಈ ಒಂದು ನಿಯಮದಲ್ಲಿದೆ. ಹಾಗೆ ಆಡಬಲ್ಲವರನ್ನು ಒಂದು ಪುಟ್ಟ ದೇಶ ಹೇಗೆ ಬೆಳೆಸಿತು ಎಂಬುದೂ ಅಷ್ಟೇ ಸೊಗಸಾದ ಕತೆ. ನಾನು ಹೇಳುತ್ತಿರುವುದು ಐರ್ಲೆಂಡಿನ ಮಾತು.

ಅಲ್ಲಿನ ರಗ್ಬಿ ಒಕ್ಕೂಟ 1879ರದು. ಮುಂದೆ ದ್ವೀಪ ಎರಡು ಆಡಳಿತಗಳಾಗಿ ಒಡೆದರೂ ರಗ್ಬಿ ತಂಡ ಒಡೆಯಲಿಲ್ಲ. ಬೆಲ್‌ಫಾಸ್ಟಿನವರೂ ಡಬ್ಲಿನ್ನಿನವರೂ ಇಂದಿಗೂ ಒಂದೇ ಹಸಿರು ಅಂಗಿ ತೊಟ್ಟು ಆಡುತ್ತಾರೆ. 1995ರಲ್ಲಿ ಈ ಆಟದಲ್ಲಿ ಸಂಬಳಕ್ಕೆ ಆಡಲು ಅನುಮತಿ ಸಿಕ್ಕಾಗ ಇಂಗ್ಲೆಂಡಿನ ಆಟಗಾರರು ಖಾಸಗಿ ಕ್ಲಬ್ಬುಗಳ ಕೈಗೆ ಹೋದರು. ಐರ್ಲೆಂಡ್ ತನ್ನ ನಾಲ್ಕು ಹಳೆಯ ಪ್ರಾಂತ್ಯಗಳನ್ನೇ ವೃತ್ತಿಪರ ತಂಡಗಳಾಗಿ ಕಟ್ಟಿತು: ಲೆನ್‌ಸ್ಟರ್, ಮನ್‌ಸ್ಟರ್, ಅಲ್‌ಸ್ಟರ್, ಕಾನಟ್. ಮುಖ್ಯ ಆಟಗಾರರಿಗೆ ಸಂಬಳ ಕೊಡುವುದು ಒಕ್ಕೂಟವೇ. ಹಾಗಾಗಿ ಯಾರು ಎಷ್ಟು ಪಂದ್ಯ ಆಡಬೇಕು, ಯಾವಾಗ ಮೈಗೆ ವಿಶ್ರಾಂತಿ ಕೊಡಬೇಕು ಎಂಬುದರಲ್ಲಿ ಅದರ ಮಾತು ನಡೆಯುತ್ತದೆ. ಮೈಯೇ ಬಂಡವಾಳವಾದ ಆಟದಲ್ಲಿ ಇದು ಸಣ್ಣ ಸಂಗತಿಯಲ್ಲ.

ಈ ನಾಲ್ಕರಲ್ಲಿ ಬಡ ತಂಡ ಕಾನಟ್. ಪಡುವಣ ತೀರದ, ಜನ ವಿರಳವಾದ ಸೀಮೆ. ಗಾಲ್ವೆಯಲ್ಲಿರುವ ಅದರ ಮೈದಾನದ ಸುತ್ತ ಬೇಟೆನಾಯಿಗಳ ಓಟದ ಪಥ. ಮೇಲೆ ಅಟ್ಲಾಂಟಿಕ್ ಸಾಗರದ ಗಾಳಿ, ಮಳೆ. 2003ರ ಜನವರಿಯಲ್ಲಿ ಹಣದ ಮುಗ್ಗಟ್ಟಿಗೆ ಸಿಕ್ಕ ಒಕ್ಕೂಟ ಈ ತಂಡವನ್ನೇ ಮುಚ್ಚುವ ಯೋಚನೆ ಮಾಡಿತು. ಅಭಿಮಾನಿಗಳು, ಆಟಗಾರರು ಡಬ್ಲಿನ್ನಿನ ಬೀದಿಗಿಳಿದು ಒಕ್ಕೂಟದ ಕಚೇರಿವರೆಗೆ ಮೆರವಣಿಗೆ ಹೋದರು. ಒಕ್ಕೂಟ ಆ ಯೋಚನೆಯನ್ನು ಕೈಬಿಟ್ಟಿತು.

2016ರ ಮೇ 28ರಂದು ಎಡಿನ್‌ಬರೋದಲ್ಲಿ ಪ್ರೊ-12 ಎಂಬ ಲೀಗಿನ ಫೈನಲ್. ಪ್ಯಾಟ್ ಲ್ಯಾಮ್ ತರಬೇತಿಯ ಅದೇ ಕಾನಟ್, ಸಿರಿವಂತ ಲೆನ್‌ಸ್ಟರನ್ನು 20-10ರಿಂದ ಸೋಲಿಸಿತು. ಒತ್ತಡದಲ್ಲಿ ಚೆಂಡನ್ನು ಒದ್ದು ಕಳಿಸದೆ ಕೈಯಿಂದ ಕೈಗೆ ದಾಟಿಸುತ್ತ ಆಡುವ ಧೈರ್ಯ ಆ ತಂಡಕ್ಕಿತ್ತು.

ಅದೇ ತಂಡದಲ್ಲಿ ಬೆಳೆದ ಅಥ್ಲೋನಿನ ಹುಡುಗ ರಾಬಿ ಹೆನ್‌ಶಾ ಆ ಬೇಸಿಗೆಯಲ್ಲೇ ಲೆನ್‌ಸ್ಟರ್ ಸೇರಿದ. ಸಾಕಿದವರಿಗೆ ನೋವಾಗದೆ ಇದ್ದೀತೆ? ಆದರೆ ನವೆಂಬರ್ 5ರಂದು ಷಿಕಾಗೋದಲ್ಲಿ ಏನಾಯಿತು ನೋಡಿ. ಮೊದಲ ಸಲ ಎದುರಾದ 1905ರಿಂದ ಐರ್ಲೆಂಡ್ ಒಮ್ಮೆಯೂ ನ್ಯೂಜಿಲೆಂಡನ್ನು ಗೆದ್ದಿರಲಿಲ್ಲ. ಹಿಂದಿನ ತಿಂಗಳಷ್ಟೇ ತೀರಿಕೊಂಡಿದ್ದ ಮನ್‌ಸ್ಟರ್ ತರಬೇತುದಾರ ಆಂಥೊನಿ ಫೋಲಿಯ ನೆನಪಿಗೆ, ಅವರ ಅಂಗಿಯ ಸಂಖ್ಯೆಯಾದ ಎಂಟರ ಆಕಾರದಲ್ಲಿ ನಿಂತು ತಂಡ ಪಂದ್ಯಕ್ಕೆ ಮುನ್ನ ಎದುರಾಳಿ ಮಾಡುವ ಹಾಕಾ ಎಂಬ ಸವಾಲಿನ ನೃತ್ಯವನ್ನು ಎದುರಿಸಿತು. 30-8ರ ಮುನ್ನಡೆ ಕರಗುತ್ತ 33-29ಕ್ಕೆ ಬಂತು. ಇನ್ನು ಕೆಲವೇ ನಿಮಿಷ. ಅಂಕದ ಗೆರೆಯ ಹತ್ತಿರ ಸ್ಕ್ರಮ್, ಎಂದರೆ ಎರಡೂ ತಂಡದ ಮುಂಚೂಣಿಯವರು ಬೆಸೆದುಕೊಂಡು ಚೆಂಡಿಗಾಗಿ ತಳ್ಳಾಡುವ ಗುಂಪು. ಅದರ ಬುಡದಿಂದ ಜೇಮಿ ಹೀಸ್ಲಿಪ್ ಎತ್ತಿಕೊಟ್ಟ ಚೆಂಡನ್ನು ಎದೆಗವಚಿಕೊಂಡು, ಅಡ್ಡ ಬಂದವರನ್ನು ತಳ್ಳಿಕೊಂಡೇ ಹೆನ್‌ಶಾ ಗೆರೆ ದಾಟಿದ. 40-29. ಕಾನಟನ್ನು ಅಂದು ಮುಚ್ಚಿದ್ದರೆ ಈ ಹುಡುಗ ಯಾವ ದಾರಿ ಹಿಡಿಯುತ್ತಿದ್ದನೋ!

ಎಲ್ಲವೂ ಸರಿಯಾಗಿದೆ ಎನ್ನಲಾರೆ. ಡಬ್ಲಿನ್ನಿನ ದುಬಾರಿ ಶುಲ್ಕದ ಶಾಲೆಗಳು ಲೆನ್‌ಸ್ಟರಿಗೆ ಸಾಲುಸಾಲಾಗಿ ಆಟಗಾರರನ್ನು ಕೊಡುತ್ತಿವೆ. ರಾಷ್ಟ್ರೀಯ ತಂಡ ಒಂದೇ ಪ್ರಾಂತ್ಯದತ್ತ ವಾಲುತ್ತಿರುವುದು ಅಪಾಯವೆಂದೇ ನನ್ನ ಭಾವನೆ. ಪುರುಷರ ವಿಶ್ವಕಪ್ಪಿನಲ್ಲಿ ಐರ್ಲೆಂಡ್ ಇನ್ನೂ ಕ್ವಾರ್ಟರ್ ಫೈನಲ್ ದಾಟಿಲ್ಲ.

ಮಹಿಳೆಯರ ವಿಷಯದಲ್ಲಂತೂ ಒಕ್ಕೂಟ ಬಹುಕಾಲ ಕೈಚೆಲ್ಲಿ ಕುಳಿತಿತ್ತು. ವಿಶ್ವಕಪ್ ಅರ್ಹತೆ ತಪ್ಪಿದ 2021ರ ಕೊನೆಯಲ್ಲಿ 62 ಹಾಲಿ, ಮಾಜಿ ಆಟಗಾರ್ತಿಯರು ಒಕ್ಕೂಟದ ಮೇಲೆ ತಮಗೆ ನಂಬಿಕೆ ಉಳಿದಿಲ್ಲವೆಂದು ಸರ್ಕಾರಕ್ಕೇ ಪತ್ರ ಬರೆದರು. ಆಮೇಲೆ ಸಂಬಳದ ಒಪ್ಪಂದಗಳು ಬಂದವು. 2023ರಲ್ಲಿ ಯುರೋಪಿನ ಆರು ದೇಶಗಳ ಟೂರ್ನಿಯಾದ ಸಿಕ್ಸ್ ನೇಷನ್ಸ್‌ನಲ್ಲಿ ಐದಕ್ಕೆ ಐದೂ ಸೋತರು, ನಿಜ. ಆದರೆ 2024ರ ಸೆಪ್ಟೆಂಬರಿನಲ್ಲಿ ವ್ಯಾಂಕೂವರಿನಲ್ಲಿ ಅದೇ ತಂಡ ಆಗಿನ ವಿಶ್ವ ಚಾಂಪಿಯನ್ ನ್ಯೂಜಿಲೆಂಡನ್ನು 29-27ರಿಂದ ಮಣಿಸಿತು. ಬದಲಿ ಆಟಗಾರ್ತಿಯಾಗಿ ಇಳಿದ ಎರಿನ್ ಕಿಂಗ್ ಎರಡು ಸಲ ಗೆರೆ ದಾಟಿದಳು. ಗೆಲುವಿನ ಎರಡು ಅಂಕ ಡ್ಯಾನಾ ಒಬ್ರಿಯನ್‌ಳ ಒದೆತದಿಂದ ಬಂತು. ಪುರುಷರಂತೆ ಅವರಿಗೂ ಪ್ರಾಂತ್ಯದ ಅಂಗಿಯಲ್ಲಿ ತಿಂಗಳುಗಟ್ಟಲೆ ಪಂದ್ಯಗಳು ಸಿಗಬೇಕು. ಒಕ್ಕೂಟ ಮುಂದೆ ಕೈಹಾಕಬೇಕಾದ ಕೆಲಸ ಅದು.